ಗೆದ್ದವರಿಗೂ ಇಲ್ಲದ ಅಭಯ

ಯುರೋಪಿನ ಫುಟ್‌ಬಾಲ್ ಮ್ಯಾನೇಜರುಗಳ ಪೀಠ ಎಷ್ಟು ಅಸ್ಥಿರವೆಂಬುದಕ್ಕೆ ಇಂಗ್ಲೆಂಡಿನ ಲೆಸ್ಟರ್ ಸಿಟಿ ತಂಡವೇ ಸಾಕ್ಷಿ. 2016ರಲ್ಲಿ ಅದಕ್ಕೆ ಮೊದಲ ಬಾರಿಗೆ ಪ್ರೀಮಿಯರ್ ಲೀಗ್ ಪ್ರಶಸ್ತಿ ತಂದಿತ್ತ ಕ್ಲಾಡಿಯೊ ರನಿಯೇರಿ ಅವರನ್ನು ಒಂಬತ್ತೇ ತಿಂಗಳಲ್ಲಿ, 2017ರ ಫೆಬ್ರುವರಿಯಲ್ಲಿ, ಕೈಬಿಡಲಾಯಿತು. ಇದನ್ನು ಕೃತಘ್ನತೆಯೆಂದು ಹಳಿಯುವುದು ಸುಲಭ. ಆದರೆ ತಂಡವು ಆಗ ಕೆಳಶ್ರೇಣಿಗಿಳಿಯುವ ಮೂರು ಸ್ಥಾನಗಳಿಗಿಂತ ಒಂದೇ ಅಂಕ ಮೇಲಿತ್ತು. ಇಳಿದರೆ ದೂರದರ್ಶನ ಪ್ರಸಾರದ ಅಪಾರ ಆದಾಯಕ್ಕೆ ಸಂಚಕಾರ. ಇಡೀ ತಂಡವನ್ನು ನಡುವೆ ಬದಲಿಸಲಾಗದು, ಒಬ್ಬರನ್ನು ಬದಲಿಸಬಹುದು. ಲೆಸ್ಟರ್ ಆ ವರ್ಷ ಉಳಿದುಕೊಂಡಿತು.

ಈ ಮದ್ದು ಸದಾ ಫಲಿಸದು. 2021ರಲ್ಲಿ ಎಫ್.ಎ. ಕಪ್ ಗೆಲ್ಲಿಸಿದ ಬ್ರೆಂಡನ್ ರಾಜರ್ಸ್ 2023ರ ಏಪ್ರಿಲ್‌ನಲ್ಲಿ ನಿರ್ಗಮಿಸಿದರು. ಆದರೂ ತಂಡ ಕೆಳಗಿಳಿಯಿತು. ಆಟಗಾರರನ್ನು ಕೊಳ್ಳುವ, ಮಾರುವ ಆಡಳಿತ ಮಂಡಳಿಯೂ ಸೋಲಿನಲ್ಲಿ ಪಾಲುದಾರನೆಂಬುದನ್ನು ನಾವು ಮರೆಯಬಾರದು.