ಮಂಕು ದೀಪದ ಮರ್ಮ

ರಾತ್ರಿ ಪಾಳಿ ಬದಲಾಗುವ ಹೊತ್ತಿಗೆ ಪೀಣ್ಯ ಕೈಗಾರಿಕಾ ಪ್ರದೇಶದ ಒಳರಸ್ತೆಗಳನ್ನು ನೋಡಬೇಕು. ಕೆಲಸ ಮುಗಿಸಿ ನಡೆದು ಹೋಗುವವರು, ಸೈಕಲ್ ಸವಾರರು, ಸಾಮಾನು ತುಂಬಿದ ಟೆಂಪೋಗಳು. ಇವುಗಳ ನಡುವೆ ಒಂದೊಂದು ಹಳೆಯ ಮಾರುತಿ ೮೦೦. ಈ ಕಾರಿನ ತಯಾರಿಕೆ ೨೦೧೪ರಲ್ಲೇ ನಿಂತಿತು. ಆದರೂ ಅಲ್ಲಲ್ಲಿ ಓಡುತ್ತಲೇ ಇದೆ. ಎಂಜಿನ್ ಗಟ್ಟಿಯಾಗಿದ್ದರೂ ಎಷ್ಟೋ ಕಾರುಗಳ ಮುಂದೀಪ ಮಾತ್ರ ಸೀಮೆಎಣ್ಣೆ ಬುಡ್ಡಿಯಂತೆ ಕೆಂಪಗೆ, ಮಂಕಾಗಿ ಉರಿಯುತ್ತದೆ.

ಇದು ಬರೀ ಅಂದದ ಪ್ರಶ್ನೆಯಲ್ಲ. ಗಂಟೆಗೆ ೬೦ ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು ೧೭ ಮೀಟರ್ ಸಾಗುತ್ತದೆ. ಅಡ್ಡ ಬಂದವರನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್, ಅಂದರೆ ೨೫ ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಇನ್ನೂ ೨೦ ಮೀಟರ್ ಬೇಕು. ಒಟ್ಟು ೪೫ ಮೀಟರ್. ಮಳೆ ಬಿದ್ದರೆ ಇನ್ನೂ ಹೆಚ್ಚು. ದೀಪ ೩೦ ಮೀಟರ್‌ವರೆಗೆ ಮಾತ್ರ ತೋರಿಸಿದರೆ ಗತಿಯೇನು?

ದೀಪ ಮಂಕಾಯಿತೆಂದರೆ ಮೊದಲು ನೆನಪಾಗುವುದು ದೊಡ್ಡ ಬಲ್ಬು. ಆದರೆ ಹಳೆಯ ಕಾರುಗಳಲ್ಲಿ ಎಷ್ಟೋ ಸಲ ತಪ್ಪು ಬಲ್ಬಿನದಲ್ಲ, ತಂತಿಯದು. ಹತ್ತನೆಯ ತರಗತಿಯ ಓಮ್‌ನ ನಿಯಮ ಇಲ್ಲಿ ಕೈಹಿಡಿಯುತ್ತದೆ: ವಿಭವಾಂತರವೆಂದರೆ ವಿದ್ಯುತ್ ಪ್ರವಾಹ ಮತ್ತು ರೋಧಗಳ ಗುಣಲಬ್ಧ. ಸಾಮಾನ್ಯ ಹ್ಯಾಲೊಜೆನ್ ಬಲ್ಬಿನ ತಗ್ಗು ಬೆಳಕು ೫೫ ವ್ಯಾಟ್. ಎರಡು ಬಲ್ಬು ಸೇರಿ ಸುಮಾರು ೯ ಆಂಪಿಯರ್ ಎಳೆಯುತ್ತವೆ. ತುಕ್ಕು ಹಿಡಿದ ಕನೆಕ್ಟರ್, ಸವೆದ ಸ್ವಿಚ್ಚು, ಸಡಿಲವಾದ ಅರ್ಥಿಂಗ್ ಎಲ್ಲ ಸೇರಿ ದಾರಿಯಲ್ಲಿ ಬರೀ ೦.೧೫ ಓಮ್ ರೋಧ ಇದೆ ಎನ್ನಿ. ೯ × ೦.೧೫ = ೧.೩೫ ವೋಲ್ಟ್. ಎಂಜಿನ್ ಓಡುವಾಗ ಸಿಗುವ ೧೩.೫ ವೋಲ್ಟ್‌ನಲ್ಲಿ ಹತ್ತನೇ ಒಂದು ಭಾಗ ದಾರಿಯಲ್ಲೇ ಸೋರಿಹೋಯಿತು!

ಹತ್ತನೇ ಒಂದು ಭಾಗ ತಾನೇ ಎಂದು ಸುಮ್ಮನಾಗುವಂತಿಲ್ಲ. ವೋಲ್ಟೇಜ್ ಇಳಿದರೆ ಟಂಗ್‌ಸ್ಟನ್ ತಂತುವಿನ ತಾಪ ಇಳಿಯುತ್ತದೆ. ಬೆಳಕು ಅದಕ್ಕಿಂತ ಬಹಳ ವೇಗವಾಗಿ ಕುಸಿಯುತ್ತದೆ. ವೋಲ್ಟೇಜ್ ಶೇ ೧೦ ಇಳಿದರೆ ಬೆಳಕು ಸುಮಾರು ಶೇ ೩೦ ಕಡಿಮೆ. ದೀಪ ಕೆಂಪಗೆ ಕಾಣುವುದೂ ಇದರಿಂದಲೇ.

ಈ ಸಮಸ್ಯೆ ಕರ್ನಾಟಕಕ್ಕೆ ಹೊಸದಲ್ಲ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು ೧೪೭ ಕಿ.ಮೀ. ದೂರ ವಿದ್ಯುತ್ ಸಾಗಿಸಬೇಕಾಗಿತ್ತು. ಎಂಜಿನಿಯರುಗಳು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ, ಪ್ರವಾಹವನ್ನು ಇಳಿಸಿ, ಸೋರಿಕೆಯನ್ನು ಹಿಡಿತದಲ್ಲಿಟ್ಟರು. ೧೯೦೫ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದೂ ಆ ವಿದ್ಯುತ್ತಿನಿಂದಲೇ. ಕಾರಿನಲ್ಲಿ ವೋಲ್ಟೇಜ್ ಏರಿಸಲಾಗದು. ರೋಧವನ್ನು ಇಳಿಸಬೇಕು, ಅಷ್ಟೇ.

ಮೊದಲು ಅಳತೆ. ದೀಪ ಹಚ್ಚಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಬಲ್ಬಿನ ಧನ ತುದಿಗೂ ಮುಟ್ಟಿಸಬೇಕು. ಮೀಟರು ತೋರಿಸುವುದೇ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಅರ್ಧ ವೋಲ್ಟ್ ದಾಟಿದರೆ ಆ ಕಡೆ ತೊಂದರೆ ಇದೆ. ಹಾಗೆಯೇ ಬಲ್ಬಿನ ಅರ್ಥಿಂಗ್ ತುದಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ನೋಡಬೇಕು. ದೀಪದ ಬುಡದಲ್ಲೇ ಕತ್ತಲೆ ಎಂಬಂತೆ, ಬಾಡಿಗೆ ಬಿಗಿದ ಅರ್ಥಿಂಗ್ ಬೋಲ್ಟಿನಡಿಯ ತುಕ್ಕೇ ಎಷ್ಟೋ ಸಲ ಕಳ್ಳ. ಉಜ್ಜಿ ಬಿಗಿದರೆ ಖರ್ಚಿಲ್ಲದೆ ಬೆಳಕು ಮರಳುತ್ತದೆ.

ಅಷ್ಟಕ್ಕೂ ಸರಿಹೋಗದಿದ್ದರೆ ರಿಲೇ. ಪಾಠದ ವಿದ್ಯುತ್ಕಾಂತವೇ ಇದರ ಜೀವ. ಹಳೆಯ ಸ್ವಿಚ್ಚಿನ ಮೂಲಕ ಕಾಲು ಆಂಪಿಯರ್‌ಗೂ ಕಡಿಮೆ ಪ್ರವಾಹ ಹರಿದು ಸುರುಳಿಯನ್ನು ಕಾಂತವಾಗಿಸುತ್ತದೆ. ಆ ಕಾಂತ ಒಳಗಿನ ಸಂಪರ್ಕವನ್ನು ಮುಚ್ಚುತ್ತದೆ. ಬಲ್ಬಿನ ಪ್ರವಾಹ ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ತಂತಿಯಲ್ಲಿ ನೇರವಾಗಿ ಬರುತ್ತದೆ. ಈ ಕೆಲಸ ಬಲ್ಲ ಆಟೋ ಎಲೆಕ್ಟ್ರಿಷಿಯನ್ನಿಂದಲೇ ಆಗಬೇಕು.

ಇದನ್ನು ಬಿಟ್ಟು ಹಳೆಯ ತಂತಿಗೇ ೧೦೦ ವ್ಯಾಟ್ ಬಲ್ಬು ಸಿಕ್ಕಿಸಿದರೆ? ಪ್ರವಾಹ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತಂತಿಯ ಬಿಸಿ ಪ್ರವಾಹದ ವರ್ಗದಂತೆ ಏರುವುದರಿಂದ ಮೂರು ಪಟ್ಟಿಗೂ ಮಿಕ್ಕುತ್ತದೆ. ಕನೆಕ್ಟರ್ ಕರಗುತ್ತದೆ, ಬೆಂಕಿಯ ಭಯವೂ ಇದೆ. ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ಗೂಡಿಗೆ ಎಲ್‌ಇಡಿ ತುರುಕುವುದೂ ಸರಿಯಲ್ಲ. ನಿಮ್ನ ದರ್ಪಣದ ಸಂಗಮ ಬಿಂದುವಿಗೆ ಹೊಂದಿಸಿ ತಂತುವನ್ನು ಇಟ್ಟಿರುತ್ತಾರೆ. ಬೆಳಕಿನ ಮೂಲದ ಆಕಾರ, ಜಾಗ ಬದಲಾದರೆ ಕಿರಣಗಳು ಚದುರಿ ಎದುರಿನವರ ಕಣ್ಣು ಕುಕ್ಕುತ್ತವೆ.

ಪ್ರತಿಫಲಕ ಮಾಸಿದ್ದರೆ ಪೀಣ್ಯದ ಯಾವುದಾದರೂ ಪ್ಲೇಟಿಂಗ್ ಶೆಡ್ಡಿನಲ್ಲಿ ಕ್ರೋಮ್ ಹಾಕಿಸೋಣ ಎನ್ನಿಸಬಹುದು. ಕ್ರೋಮ್ ಫಳಫಳ ಹೊಳೆಯುತ್ತದೆ, ಆದರೆ ಬೆಳಕಿನ ಶೇ ೬೫ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಅಲ್ಯೂಮಿನಿಯಂ ಲೇಪ ಶೇ ೯೦ರ ಹತ್ತಿರ. ಕಣ್ಣಿಗೆ ಹೊಳಪಾಗಿ ಕಾಣುವುದೆಲ್ಲ ಒಳ್ಳೆಯ ಕನ್ನಡಿಯಲ್ಲ! ಹೊಸ ಪ್ರತಿಫಲಕವೇ ಲೇಸು.

ಕೊನೆಗೆ, ದೀಪದ ಕೋನ. ಕೇಂದ್ರ ಮೋಟಾರು ವಾಹನ ನಿಯಮಗಳು, ೧೯೮೯ರ ಪ್ರಕಾರ ಕಿರಣ ಕೆಳಮುಖವಾಗಿರಬೇಕು. ೮ ಮೀಟರ್ ಮುಂದೆ, ೧.೫ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕಬಾರದು. ಅದು ಹೆಚ್ಚುಕಡಿಮೆ ಹೈಸ್ಕೂಲ್ ವಿದ್ಯಾರ್ಥಿಯ ಕಣ್ಣಿನ ಎತ್ತರ. ತಮ್ಮ ದಾರಿ ಕಂಡರೆ ಸಾಲದು, ಎದುರಿನವರಿಗೂ ದಾರಿ ಕಾಣಬೇಕು.

ಮಾಡಿ ನೋಡಿ: ಹಳೆಯ ಟಾರ್ಚಿನ ತಂತು ಬಲ್ಬನ್ನು ತಂತಿಗಳಿಂದ ಎರಡು ಸೆಲ್ಲುಗಳಿಗೆ ಜೋಡಿಸಿ. ಬಳಿಕ ಮಂಡಲದ ನಡುವೆ, ಎರಡೂ ತುದಿ ಹೆರೆದ ಪೆನ್ಸಿಲಿನ ಸೀಸವನ್ನು ಸೇರಿಸಿ. ಸೆಲ್ಲು ಅದೇ, ಬಲ್ಬೂ ಅದೇ. ಬೆಳಕು ಎಲ್ಲಿ ಹೋಯಿತು?