ಚಳಿಗಾಲದ ಮದುವೆ: ಮದುಮಗಳ ಮುಡಿ ಹೇಗಿರಲಿ?

ದಾವಣಗೆರೆ, ಹರಿಹರದ ಕಡೆ ಡಿಸೆಂಬರ್ ಬಂತೆಂದರೆ ಶಾದಿಮಹಲ್‌ಗಳಿಗೆ ಬಿಡುವಿಲ್ಲ. ಭದ್ರಾ ನಾಲೆಯ ಬಯಲಿನಲ್ಲಿ ಭತ್ತದ ಕೊಯ್ಲು ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಸಮಯವಿದು. ಗಲ್ಫ್‌ನಲ್ಲಿರುವ ಅಣ್ಣನೋ ಮಾಮುವೋ ರಜೆ ಹಾಕಿ ಬರುವ ಸಮಯವೂ ಹೌದು. ಈಚಿನ ವರ್ಷಗಳಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಹಿಜರಿ ವರ್ಷವು ಕ್ಯಾಲೆಂಡರ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ರಮಝಾನ್ ಹಿಂದೆ ಸರಿಯುತ್ತಾ ಚಳಿಗಾಲದ ಅಂಚಿಗೆ ಬಂದಿದೆ. 2026ರ ರಮಝಾನ್ ಫೆಬ್ರವರಿಯದು. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ, ಹೀಗೆ ಒಂದೇ ವರ್ಷದಲ್ಲಿ ಎರಡು ಸಲ ರಮಝಾನ್ ಆರಂಭವಾಗಲಿದೆ. ಹೀಗಾಗಿ ಉಪವಾಸಕ್ಕೆ ಮುಂಚೆ ನಿಕಾಹ್ ಮುಗಿಸಬೇಕೆನ್ನುವವರೆಲ್ಲ ಚಳಿಯ ದಿನಗಳನ್ನೇ ಆರಿಸಿಕೊಳ್ಳುತ್ತಿದ್ದಾರೆ.

ಲೆಹೆಂಗಾ, ಒಡವೆ, ಮೆಹೆಂದಿಯ ಬಗ್ಗೆ ಆರು ತಿಂಗಳ ಮೊದಲೇ ಚರ್ಚೆ ಶುರುವಾಗುತ್ತದೆ. ಕೂದಲಿನ ನೆನಪಾಗುವುದು ಮದುವೆಯ ಹಿಂದಿನ ದಿನ. ಆಗ ಪಾರ್ಲರಿನವರು ಆಲ್ಬಂ ತೋರಿಸುತ್ತಾರೆ, ಹುಡುಗಿ ಯಾವುದಾದರೊಂದು ಚಿತ್ರಕ್ಕೆ ಬೆರಳಿಡುತ್ತಾಳೆ. ಆ ಚಿತ್ರದಲ್ಲಿರುವವಳು ತಲೆಯ ಮೇಲೆ ದುಪಟ್ಟಾ ಹೊದ್ದಿಲ್ಲ ಎಂಬುದನ್ನು ಯಾರೂ ಗಮನಿಸುವುದಿಲ್ಲ. ನಮ್ಮ ಮದುಮಗಳ ತಲೆಯ ಮೇಲೆ ಜರ್ದೋಸಿ ಕೆಲಸದ ಭಾರವಾದ ದುಪಟ್ಟಾ ಇರುತ್ತದೆ. ಕಾಣುವುದು ಬೈತಲೆ, ಹಣೆಯ ಮೇಲಿನ ಟೀಕಾ, ಎಡಗಡೆಯ ಝೂಮರ್, ಹೆಚ್ಚೆಂದರೆ ಜಡೆಯ ತುದಿ. ಆದ್ದರಿಂದ ದುಪಟ್ಟಾವನ್ನು ಐದಾರು ಗಂಟೆ ನೋವಿಲ್ಲದೆ ಹೊರಬಲ್ಲ ಕೇಶಾಲಂಕಾರವೇ ನಮಗೆ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಮದುಮಗಳ ಪ್ರಯಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹರಿಹರದ ಹುಡುಗಿಯರಲ್ಲಿ ಹಲವರು ಸಿಂಗಾರಕ್ಕೆಂದು ದಾವಣಗೆರೆಗೆ ಬರುತ್ತಾರೆ. ದೂರ ಹದಿನಾಲ್ಕೋ ಹದಿನೈದೋ ಕಿಲೋಮೀಟರ್ ಅಷ್ಟೆ. ಆದರೆ ಪಾರ್ಲರಿನಿಂದ ಹೊರಬೀಳುವಾಗ ಬುರ್ಖಾ ಹಾಕಿಕೊಳ್ಳಬೇಕು, ಕಾರಿನಲ್ಲಿ ತಲೆ ಒರಗಿಸಬೇಕು. ನೆತ್ತಿಯ ಮೇಲೆ ಉಬ್ಬಿಸಿ ಕಟ್ಟಿದ ತುರುಬು ಶಾದಿಮಹಲ್ ತಲುಪುವಷ್ಟರಲ್ಲಿ ಒಂದು ಕಡೆಗೆ ವಾಲಿರುತ್ತದೆ. ಕತ್ತಿನ ಬುಡದಲ್ಲಿ ಕಟ್ಟಿದ ತುರುಬಿಗೆ ಈ ತೊಂದರೆ ಕಡಿಮೆ. ಸಾಧ್ಯವಾದರೆ ಸಿಂಗಾರ ಮಾಡುವವರನ್ನೇ ಮನೆಗೆ ಅಥವಾ ಶಾದಿಮಹಲ್‌ನ ಕೋಣೆಗೆ ಕರೆಸುವುದು ಇನ್ನೂ ಉತ್ತಮ.

ಜ್ವರದ ನಂತರದ ಮದುವೆ

ಇನ್ನು, ತಾಯಂದಿರು ಪಿಸುದನಿಯಲ್ಲಿ ಕೇಳುವ ಪ್ರಶ್ನೆಗೆ ಬರೋಣ. "ಹುಡುಗಿಗೆ ಕೂದಲು ಬಹಳ ಉದುರ್ತಾ ಇದೆ, ಮದುವೆ ಹತ್ತಿರ ಬಂತು, ಚೌರಿ ಇಡಬಹುದಾ?"

ಮಳೆಗಾಲದಲ್ಲಿ ನಮ್ಮ ಊರುಗಳಲ್ಲಿ ಡೆಂಗಿ, ಟೈಫಾಯಿಡ್ ಹೆಚ್ಚು. ಜೋರು ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಉದುರಲು ಆರಂಭವಾಗುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಮಲಗಿದ್ದವಳಿಗೆ ಸರಿಯಾಗಿ ನವೆಂಬರ್, ಡಿಸೆಂಬರಿನಲ್ಲಿ! ಜ್ವರದ ಹೊಡೆತಕ್ಕೆ ಕೂದಲಿನ ಬೇರುಗಳಲ್ಲಿ ಹಲವು ಒಟ್ಟಿಗೇ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಹೋಗುವುದರಿಂದ ಹೀಗಾಗುತ್ತದೆ. ಬೇರು ಸತ್ತಿರುವುದಿಲ್ಲ. ಕೆಲವು ತಿಂಗಳಲ್ಲಿ ಉದುರುವುದು ನಿಂತು ಹೊಸ ಕೂದಲು ಬರುತ್ತದೆ. ಆದರೆ ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಯಾವ ಎಣ್ಣೆ ಹಚ್ಚಿದರೂ ಮದುವೆಯೊಳಗೆ ಜಡೆ ದಪ್ಪವಾಗುವುದಿಲ್ಲ. ಹಾಗೆಂದು ಭರವಸೆ ಕೊಡುವ ಬಾಟಲಿಗಳಿಗೆ ಹಣ ಸುರಿಯಬೇಡಿ.

ಜ್ವರವಿಲ್ಲದೆಯೂ ಉದುರುತ್ತಿದ್ದರೆ ರಕ್ತಹೀನತೆ ಅಥವಾ ಥೈರಾಯ್ಡ್ ತೊಂದರೆ ಇರಬಹುದು. ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ನಿಮ್ಮ ಪರಿಚಯದ ವೈದ್ಯರ ಬಳಿಗೋ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಮದುವೆಗೆ ತೆಳ್ಳಗಾಗಬೇಕೆಂದು ಊಟ ಬಿಡುವ ಹುಡುಗಿಯರಿಗೂ ಕೂದಲು ಉದುರುತ್ತದೆ. ಇದನ್ನು ತಾಯಂದಿರು ಗಮನದಲ್ಲಿಡಬೇಕು.

ಈಗ ಚೌರಿಯ ಮಾತು. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿ ಬಂದಿರುವ ಘಟನೆ ಇದೇ ತಾಯಂದಿರ ಪ್ರಶ್ನೆಯಂತಿದೆ. ಅನ್ಸಾರ್ ಮನೆತನದ ಒಬ್ಬ ಹುಡುಗಿಯ ಮದುವೆಯಾಗಿತ್ತು. ಕಾಯಿಲೆಯಿಂದ ಅವಳ ಕೂದಲು ಉದುರಿಹೋಯಿತು. ಬೇರೆ ಕೂದಲನ್ನು ಸೇರಿಸಬಹುದೇ ಎಂದು ಮನೆಯವರು ಪ್ರವಾದಿ(ಸ)ರವರಲ್ಲಿ ಕೇಳಿದರು. ಪ್ರವಾದಿ(ಸ)ರವರು ಅದಕ್ಕೆ ಅನುಮತಿ ನೀಡಲಿಲ್ಲ, ಕೂದಲು ಸೇರಿಸುವ ಕೆಲಸವನ್ನು ಕಠಿಣವಾಗಿ ಖಂಡಿಸಿದರು. ನಮ್ಮ ಕಡೆ ಹೆಚ್ಚಿನವರು ಅನುಸರಿಸುವ ಹನಫಿ ಮದ್‌ಹಬ್‌ನ ವಿದ್ವಾಂಸರು ಮನುಷ್ಯರ ಕೂದಲನ್ನು ಸೇರಿಸುವುದು ನಿಷಿದ್ಧವೆಂದೂ, ರೇಷ್ಮೆ ಅಥವಾ ಉಣ್ಣೆಯ ದಾರವನ್ನು ಜಡೆಗೆ ಹೆಣೆಯಬಹುದೆಂದೂ ಹೇಳಿದ್ದಾರೆ. ಅಂಗಡಿಯಲ್ಲಿ ಸಿಗುವ ನೈಲಾನ್ ಕೂದಲಿನ ಬಗ್ಗೆ ನಿಮ್ಮ ಮೊಹಲ್ಲಾದ ಆಲಿಮರನ್ನು ಕೇಳಿಕೊಳ್ಳಿ. ಪಾರ್ಲರಿನಲ್ಲಿ ಎಕ್ಸ್‌ಟೆನ್ಶನ್ ಎಂದು ತೋರಿಸುವುದು ಹಲವು ಬಾರಿ ನಿಜವಾದ ಮನುಷ್ಯರ ಕೂದಲೇ ಆಗಿರುತ್ತದೆ. ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳಿ.

ಧರ್ಮದ ವಿಧಿಯ ಜೊತೆಗೆ ಮನೆತನದ ವಿವೇಕವೂ ಇದೆ. ಹೆಣ್ಣು ನೋಡಲು ಬಂದವರು ಜಡೆ ಬಿಚ್ಚಿಸಿ ಉದ್ದ ನೋಡುವ ಅಭ್ಯಾಸ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಅದಕ್ಕೆ ಹೆದರಿ ಚೌರಿ ಇಟ್ಟು ಮದುವೆ ಮಾಡಿದರೆ ಎರಡನೆಯ ದಿನವೇ ಅತ್ತೆಯ ಮನೆಯಲ್ಲಿ ಸತ್ಯ ತಿಳಿಯುತ್ತದೆ. ಹುಡುಗಿ ಹೊಸಮನೆಯ ಮೊದಲ ಬೆಳಗನ್ನು ತಲೆ ತಗ್ಗಿಸಿಕೊಂಡು ಆರಂಭಿಸಬೇಕಾಗುತ್ತದೆ. ಅದಕ್ಕಿಂತ, "ಡೆಂಗಿ ಬಂದಿತ್ತು, ಕೂದಲು ಉದುರಿದೆ, ಮತ್ತೆ ಬರುತ್ತೆ ಅಂತ ಡಾಕ್ಟರ್ ಹೇಳಿದಾರೆ" ಎಂದು ಸಮಧಿನ್‌ಗೆ ಮೊದಲೇ ಹೇಳಿಬಿಡುವುದು ವಾಸಿ. ಹೀಗೆ ಹೇಳಿದ್ದಕ್ಕೆ ಸಂಬಂಧ ಮುರಿದುಕೊಳ್ಳುವವರಾದರೆ, ಮದುವೆಗೆ ಮುಂಚೆಯೇ ಅವರ ಗುಣ ತಿಳಿದಂತಾಯಿತು.

ತೆಳುವಾದ ಕೂದಲಿಗೂ ಗಾಂಭೀರ್ಯವುಳ್ಳ ಅಲಂಕಾರ ಮಾಡಬಹುದು. ಕೂದಲನ್ನು ನಿಧಾನವಾಗಿ ಬಾಚಿ ನಡುಬೈತಲೆ ತೆಗೆಯಿರಿ. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಮುಂಭಾಗದ ಕೂದಲನ್ನು ಬೇರೆ ಮಾಡಿ ಕ್ಲಿಪ್ ಹಾಕಿ. ಹಿಂದಿನ ಕೂದಲನ್ನು ಕತ್ತಿನ ಬುಡದಲ್ಲಿ ಬಟ್ಟೆ ಸುತ್ತಿದ ರಬ್ಬರ್‌ನಿಂದ ಸಡಿಲವಾಗಿ ಕಟ್ಟಿ. ಕೂದಲಿನ ಬಣ್ಣದ ಸ್ಪಂಜಿನ ಡೋನಟ್ ಅಂಗಡಿಗಳಲ್ಲಿ ಸಿಗುತ್ತದೆ, ಚಿಕ್ಕದನ್ನೇ ಆರಿಸಿ. ಅದನ್ನು ತೂರಿಸಿ, ಕೂದಲನ್ನು ಅದರ ಸುತ್ತ ಬೀಸಣಿಗೆಯಂತೆ ಹರಡಿ, ಮೇಲೆ ತೆಳುವಾದ ಇನ್ನೊಂದು ರಬ್ಬರ್ ಹಾಕಿ. ಉಳಿದ ತುದಿಗಳನ್ನು ಎರಡು ಸಣ್ಣ ಹೆರಳಾಗಿ ಹೆಣೆದು ತುರುಬಿನ ಸುತ್ತ ಬಳಸಿ ಯು ಪಿನ್ ಹಾಕಿ. ಪಿನ್ನನ್ನು ಮೊದಲು ಹೊರಮುಖವಾಗಿ ಚುಚ್ಚಿ, ಆಮೇಲೆ ತಿರುಗಿಸಿ ಒಳಗೆ ದೂಡಿದರೆ ಗಟ್ಟಿಯಾಗಿ ಕೂರುತ್ತದೆ. ಈಗ ಮುಂದಿನ ಕೂದಲನ್ನು ಎರಡೂ ಕಡೆ ಸಡಿಲವಾಗಿ ಹೊಸೆದು ಕಪೋಲದ ಮೇಲಿನ ಖಾಲಿ ಜಾಗ ಮುಚ್ಚುವಂತೆ ಹಿಂದಕ್ಕೆ ತಂದು ತುರುಬಿನ ಬುಡದಲ್ಲಿ ಸಿಕ್ಕಿಸಿ. ಬಿಗಿಯಾಗಿ ಎಳೆದರೆ ತೆಳುವಾದದ್ದು ಇನ್ನೂ ಎದ್ದು ಕಾಣುತ್ತದೆ. ಉದುರುವ ಕೂದಲಿಗೆ ಎಳೆತ ಶತ್ರುವೇ ಸರಿ. ಜಡೆಯೇ ಬೇಕೆನ್ನುವವರು ತಮ್ಮ ಕೂದಲಿನ ಜೊತೆ ಕಪ್ಪು ರೇಷ್ಮೆಯ ದಾರ ಹೆಣೆದು ತುದಿಗೆ ಜರಿಯ ಕುಚ್ಚು ಕಟ್ಟಬಹುದು. ನಮ್ಮ ಅಜ್ಜಿಯರ ಕಾಲದ ಈ ಕುಚ್ಚು ಈಗಿನ ಲೆಹೆಂಗಾಕ್ಕೂ ಚೆನ್ನಾಗಿ ಒಪ್ಪುತ್ತದೆ.

ದುಪಟ್ಟಾದ ಭಾರ ಕೂದಲಿನ ಮೇಲೆ ಬೀಳಬಾರದು. ಎರಡು ಇಂಚು ಅಗಲದ ಕಪ್ಪು ಹತ್ತಿ ಅಥವಾ ವೆಲ್ವೆಟ್ ಪಟ್ಟಿಯೊಂದನ್ನು ನೆತ್ತಿಯ ಮೇಲಿಂದ ತಂದು ತುರುಬಿನ ಕೆಳಗೆ ಕಟ್ಟಿ, ದುಪಟ್ಟಾದ ಪಿನ್ನುಗಳನ್ನು ಆ ಪಟ್ಟಿಗೇ ಹಾಕಿ. ವೆಲ್ವೆಟ್ ಜಾರುವುದಿಲ್ಲ. ಇದೊಂದು ಮಾಡಿದರೆ ಸಂಜೆಯ ತಲೆನೋವು ಅರ್ಧ ಕಡಿಮೆಯಾಗುತ್ತದೆ. ಟೀಕಾದ ಕೊಂಡಿಗೆ ಎರಡು ಪಿನ್ನುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಹಾಕಬೇಕು. ಝೂಮರ್ ಭಾರವಾಗಿದ್ದರೆ ಒಂದೇ ಜಾಗದಲ್ಲಿ ನೇತುಹಾಕದೆ ಮೂರು ಕಡೆ ಸಣ್ಣ ಪಿನ್ ಕೊಡಿ.

ವುಝೂ ಮತ್ತು ಕೂದಲು

ಬೆಳಿಗ್ಗೆ ಹತ್ತಕ್ಕೆ ಸಿಂಗಾರವಾದ ಹುಡುಗಿ ಝುಹರ್, ಅಸರ್, ಮಗ್ರಿಬ್ ಮೂರನ್ನೂ ಬಿಟ್ಟು ಕೂರುವುದನ್ನು ಎಷ್ಟೋ ಮದುವೆಗಳಲ್ಲಿ ನೋಡುತ್ತೇವೆ. ಮೇಕಪ್ ಹಾಳಾಗುತ್ತದೆ, ಪಿನ್ ಬಿಚ್ಚಿದರೆ ಮತ್ತೆ ಯಾರು ಹಾಕುವವರು ಎಂಬ ಭಯ. ಮಸಹ್‌ಗೆ ಇಡೀ ತಲೆ ಬಿಚ್ಚಬೇಕಾಗಿಲ್ಲ. ಹನಫಿ ಮದ್‌ಹಬ್ ಪ್ರಕಾರ ತಲೆಯ ಕಾಲುಭಾಗಕ್ಕೆ ಒದ್ದೆ ಕೈ ತಾಗಿದರೆ ಫರ್ಝ್ ಈಡೇರುತ್ತದೆ. ಶಾಫಿಈ ಮದ್‌ಹಬ್‌ನಲ್ಲಿ ಅದಕ್ಕಿಂತಲೂ ಕಡಿಮೆ ಸಾಕು. ಆದ್ದರಿಂದ ಮುಂಭಾಗದಲ್ಲಿ ದಪ್ಪ ಸ್ಪ್ರೇ, ಜೆಲ್ ಬೇಡವೆಂದು ಸಿಂಗಾರ ಮಾಡುವವರಿಗೆ ಮೊದಲೇ ತಿಳಿಸಿ. ದುಪಟ್ಟಾವನ್ನು ನಾಲ್ಕೇ ಪಿನ್ನಿಗೆ ಹಿಂದಕ್ಕೆ ಸರಿಸುವಂತಿರಲಿ. ಜೊತೆಗೆ ಒಬ್ಬ ಸಹೋದರಿಗೆ ಆ ಪಿನ್ನುಗಳ ಜಾಗ ಗೊತ್ತಿರಲಿ. ಮೇಕಪ್ಪಿಗೆ ಮುಂಚೆ ವುಝೂ ಮಾಡಿ ಅದನ್ನು ಉಳಿಸಿಕೊಂಡರೆ ಒಂದೆರಡು ನಮಾಝ್ ಸುಲಭವಾಗಿ ಆಗುತ್ತದೆ.

ಚಳಿಯ ಕಾಟ, ಬೋರಿನ ನೀರು

ನಮ್ಮಲ್ಲಿ ಚಳಿಗಾಲವೆಂದರೆ ಹಗಲು ಬಿಸಿಲು, ರಾತ್ರಿ ಚಳಿ, ಇಡೀ ದಿನ ಒಣಗಾಳಿ. ಕೂದಲು ಒರಟಾಗಿ, ಬಾಚಿದಷ್ಟೂ ಹಾರಾಡುತ್ತದೆ. ಪ್ಲಾಸ್ಟಿಕ್ ಬಾಚಣಿಗೆ ಬಿಟ್ಟು ಮರದ ಬಾಚಣಿಗೆ ಬಳಸಿ. ಬೋರ್‌ವೆಲ್ ನೀರು ಗಡಸು. ಅದರಲ್ಲಿ ಸೋಪು ಹಾಕಿ ತಲೆ ತೊಳೆದರೆ ಬಿಳಿಯ ಜಿಡ್ಡು ಕೂದಲಿಗೆ ಹಿಡಿಯುತ್ತದೆ. ನಲ್ಲಿಯಲ್ಲಿ ಹೊಳೆ ನೀರು ಬರುವ ದಿನ ಎರಡು ಕೊಡ ತುಂಬಿಟ್ಟುಕೊಂಡು ಮದುಮಗಳ ತಲೆಸ್ನಾನಕ್ಕೆ ಬಳಸಿ. ಕೊಬ್ಬರಿ ಎಣ್ಣೆ ಬೆಳಗಿನ ಚಳಿಗೆ ಗಟ್ಟಿಯಾಗುತ್ತದೆ, ಬಿಸಿನೀರಿನ ಬಟ್ಟಲಲ್ಲಿಟ್ಟು ಕರಗಿಸಿ. ತಲೆಯಲ್ಲಿ ಹೊಟ್ಟು ಇದ್ದವರು ಮಾತ್ರ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಬಾರದು, ಅದರಿಂದ ಹೊಟ್ಟು ಹೆಚ್ಚುತ್ತದೆ. ಮದುವೆಗೆ ಒಂದು ತಿಂಗಳಿರುವಾಗ ಕೀಟೋಕೊನಜೋಲ್ ಇರುವ ಶಾಂಪೂವನ್ನು ವಾರಕ್ಕೆರಡು ಬಾರಿ, ಐದು ನಿಮಿಷ ನೊರೆ ಬಿಟ್ಟು ತೊಳೆದರೆ ಹಿಡಿತಕ್ಕೆ ಬರುತ್ತದೆ.

ತಲೆಸ್ನಾನ ಮದುವೆಯ ಹಿಂದಿನ ದಿನವೇ ಆಗಲಿ. ಆಗತಾನೇ ತೊಳೆದ ಕೂದಲಿನಲ್ಲಿ ಪಿನ್ ನಿಲ್ಲುವುದಿಲ್ಲ. ಚಳಿಯಲ್ಲಿ ಕೂದಲು ಒಣಗುವುದೂ ತಡ. ಲೋಬಾನದ ಹೊಗೆ ಹಿಡಿಯುವ ಪದ್ಧತಿ ಇದ್ದರೆ ಟವೆಲ್ಲಿನಿಂದ ಒರೆಸಿದ ಮೇಲೆ ಹಿಡಿಯಿರಿ, ಪರಿಮಳ ಮರುದಿನವೂ ಇರುತ್ತದೆ. ಕೂದಲು ನೇರ ಮಾಡಿಸುವ ಕೆರಾಟಿನ್ ಚಿಕಿತ್ಸೆಯ ಕೆಲವು ದ್ರಾವಣಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಬಿಡುತ್ತವೆ. ಮದುವೆಗೆಂದೇ ಅದನ್ನು ಮಾಡಿಸುವ ಅಗತ್ಯ ನನಗಂತೂ ಕಾಣುವುದಿಲ್ಲ. ಕಪ್ಪು ಮೆಹೆಂದಿ, ಹೇರ್ ಡೈ ಹಚ್ಚುವುದಿದ್ದರೆ ಎರಡು ದಿನ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ತುರಿಕೆ ಬರುವುದೋ ಎಂದು ನೋಡಿ.

ಹೂವಿನ ವಿಷಯ

ಚಳಿಗಾಲದಲ್ಲಿ ಮಲ್ಲಿಗೆ ಕಡಿಮೆ, ಬೆಲೆ ಜಾಸ್ತಿ. ಹರಪನಹಳ್ಳಿ ದಾಟಿದರೆ ಸಿಗುವ ಹೂವಿನಹಡಗಲಿಯ ಮಲ್ಲಿಗೆ ಹೆಸರುವಾಸಿ, ಮೈಸೂರು ಮತ್ತು ಉಡುಪಿ ಮಲ್ಲಿಗೆಯಂತೆ ಅದಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. (ಹರಪನಹಳ್ಳಿ 1997ರಿಂದ 2018ರವರೆಗೆ ನಮ್ಮ ಜಿಲ್ಲೆಯಲ್ಲೇ ಇತ್ತು, ಈಗ ವಿಜಯನಗರ ಜಿಲ್ಲೆಗೆ ಸೇರಿದೆ.) ಆದರೆ ಆ ಮಲ್ಲಿಗೆಯ ಸುಗ್ಗಿ ಬೇಸಿಗೆಯದು. ಡಿಸೆಂಬರಿನಲ್ಲಿ ತುರುಬಿನ ಸುತ್ತಲೂ ಮಲ್ಲಿಗೆಯೇ ಬೇಕೆಂದು ಹಟ ಹಿಡಿದರೆ ಹೂವಿಗೇ ಒಂದು ಸೀರೆಯ ಹಣ ಹೋಗುತ್ತದೆ. ಈ ದಿನಗಳಲ್ಲಿ ಧಾರಾಳವಾಗಿ ಸಿಗುವುದು ಕಾಕಡ. ಬಿಳುಪು ಚೆನ್ನ, ಪರಿಮಳವಿಲ್ಲ ಅಷ್ಟೆ. ಕಾಕಡದ ದಂಡೆಯ ನಡುವೆ ಒಂದೆರಡು ಎಸಳು ಮರುಗ ಕಟ್ಟಿಸಿದರೆ ಆ ಕೊರತೆಯೂ ನೀಗುತ್ತದೆ. ಕನಕಾಂಬರ ಹಗುರ, ಕೆಂಪು ಲೆಹೆಂಗಾಕ್ಕಿಂತ ಹಸಿರು, ಮರೂನ್ ಬಣ್ಣಕ್ಕೆ ಹೆಚ್ಚು ಒಪ್ಪುತ್ತದೆ. ಸೇವಂತಿಗೆ ಈ ಕಾಲದ ಹೂವೇ ಆದರೂ ಭಾರ, ದುಪಟ್ಟಾದ ಒಳಗೆ ಉಬ್ಬಿಕೊಂಡು ಕಾಣುತ್ತದೆ. ಅದನ್ನು ವೇದಿಕೆಯ ಅಲಂಕಾರಕ್ಕೆ ಬಿಡಿ. ಹೂವಿನವರು ನೀರು ಚಿಮುಕಿಸಿ ಕೊಡುವ ದಂಡೆಯನ್ನು ಹಾಗೇ ಮುಡಿಸಿದರೆ ಕತ್ತಿನ ಮೇಲೆ ತಣ್ಣೀರು ಇಳಿದು ಹುಡುಗಿ ನಡುಗುತ್ತಾಳೆ. ಹತ್ತು ನಿಮಿಷ ಬಟ್ಟೆಯ ಮೇಲೆ ಹರಡಿ ಆಮೇಲೆ ಮುಡಿಸಿ.

ರಾತ್ರಿ ಮನೆಗೆ ಬಂದ ಮೇಲೆ ಎಷ್ಟೇ ದಣಿವಿದ್ದರೂ ಪಿನ್ನುಗಳನ್ನು ಹಾಗೇ ಬಿಟ್ಟು ಮಲಗಬೇಡಿ. ಮೊದಲು ಝೂಮರ್, ಟೀಕಾ, ಆಮೇಲೆ ದುಪಟ್ಟಾದ ಪಿನ್, ನಂತರ ಹೂವು, ಕೊನೆಗೆ ತುರುಬು. ಹಾಕಿದ ಪಿನ್ನುಗಳನ್ನು ಎಣಿಸಿಟ್ಟಿದ್ದರೆ ತೆಗೆಯುವಾಗ ಒಂದೂ ಒಳಗೆ ಉಳಿಯುವುದಿಲ್ಲ. ಸ್ಪ್ರೇ ಹಿಡಿದ ಕೂದಲನ್ನು ಒಣಗಿದಂತೆಯೇ ಬಾಚಿದರೆ ಕಿತ್ತು ಬರುತ್ತದೆ. ಬೆರಳಿಗೆ ಸ್ವಲ್ಪ ಎಣ್ಣೆ ಹಚ್ಚಿಕೊಂಡು ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ಸಡಿಲವಾದ ಒಂದು ಜಡೆ ಹಾಕಿ. ಮರುದಿನ ವಲೀಮಾಕ್ಕೆ ಅದೇ ಜಡೆಯನ್ನು ಬಿಚ್ಚಿದರೆ ಇಸ್ತ್ರಿ, ಕರ್ಲರ್ ಏನೂ ಇಲ್ಲದೆ ಅಲೆಅಲೆಯಾದ ಕೂದಲು ಸಿಗುತ್ತದೆ. ಅದನ್ನು ಹಿಂದಕ್ಕೆ ತಂದು ಒಂದೇ ಕ್ಲಿಪ್ ಹಾಕಿದರೆ ಸಾಕು.