ಕಾವಲಿಲ್ಲದ ತೂಬುಗಳು

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಕಚೇರಿಗಳಲ್ಲಿ ಹಿಂದೆ ಕಡತಗಳಿಗಿದ್ದ ಸ್ಥಾನವು ಇಂದು ಬಹುಮಟ್ಟಿಗೆ ಗಣಕಯಂತ್ರಗಳಿಗೆ ಸಂದಿದೆ. ೨೦೦೦ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಿಂದ ಪಹಣಿಯು ಕೈಬರಹದ ಪುಸ್ತಕವನ್ನು ಬಿಟ್ಟು ಯಂತ್ರವನ್ನು ಸೇರಿತು. ನೋಂದಣಿ, ಜಾತಿ ಆದಾಯಗಳ ದೃಢಪತ್ರ ಮುಂತಾದುವೂ ಅದೇ ಹಾದಿಯನ್ನು ಹಿಡಿದುವು. ಹೆಬ್ಬೆಯ ಕಡೆಯ ಕಾಡಂಚಿನ ರೈತನು ಒಂದು ನಕಲಿಗಾಗಿ ದಿನಗಟ್ಟಲೆ ಅಲೆಯಬೇಕಾಗಿದ್ದ ಕಾಲವು ಹಿಂದೆ ಬಿದ್ದುದಕ್ಕೆ ನಾವು ಸಂತೋಷಪಡುತ್ತೇವೆ. ಆದರೆ ಬೀರುವಿನ ಬೀಗದ ಕೈಯನ್ನು ಲೆಕ್ಕವಿಟ್ಟು ಹಸ್ತಾಂತರಿಸುತ್ತಿದ್ದ ಅಧಿಕಾರಿವರ್ಗದವರು, ತಮ್ಮ ಯಂತ್ರಕ್ಕೆ ಬಾಗಿಲುಗಳೆಷ್ಟು, ಅವುಗಳಲ್ಲಿ ತೆರೆದಿರತಕ್ಕವು ಯಾವುವು ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ವಿಚಾರಿಸುತ್ತಿರುವರೇ? ಇದೇ ಇಂದಿನ ಪ್ರಶ್ನೆ.

ಜಾಲಕ್ಕೆ ಸೇರಿದ ಪ್ರತಿಯೊಂದು ಗಣಕಯಂತ್ರಕ್ಕೂ ಒಂದು ವಿಳಾಸವುಂಟು. ಅದೇ ವಿಳಾಸಕ್ಕೆ ಅಂಚೆಯೂ ಬರುತ್ತದೆ, ಪುಟಗಳ ಬೇಡಿಕೆಯೂ ಬರುತ್ತದೆ, ದೂರದಿಂದ ದುರಸ್ತಿ ಮಾಡುವವನ ಆಜ್ಞೆಯೂ ಬರುತ್ತದೆ. ಯಾವುದು ಯಾವ ಕೆಲಸಕ್ಕೆ ಸಲ್ಲತಕ್ಕದ್ದೆಂದು ವಿಂಗಡಿಸುವುದಕ್ಕಾಗಿ ‘ಪೋರ್ಟ್’ ಎಂಬ ದ್ವಾರಸಂಖ್ಯೆಗಳನ್ನು ಏರ್ಪಡಿಸಿದ್ದಾರೆ. ಇವು ಸೊನ್ನೆಯಿಂದ ೬೫,೫೩೫ರ ವರೆಗೆ ಇವೆ. ಅಂಚೆಯ ಸಾಗಾಟಕ್ಕೆ ೨೫, ಸಾಮಾನ್ಯ ಜಾಲಪುಟಕ್ಕೆ ೮೦, ಗೂಢಲಿಪಿಯಲ್ಲಿ ಸಾಗುವ ಪುಟಕ್ಕೆ ೪೪೩, ಕಡತಗಳ ಹಂಚಿಕೆಗೆ ೪೪೫, ದೂರದಿಂದ ಯಂತ್ರವನ್ನು ನಡೆಯಿಸುವುದಕ್ಕೆ ೩೩೮೯—ಹೀಗೆ ವಾಡಿಕೆಯಾಗಿದೆ. ಬಾಗಿಲು ತೆರೆದಿರುವುದೇ ದೋಷವಲ್ಲ. ತೆರೆಯದಿದ್ದರೆ ಸೇವೆಯೇ ಇಲ್ಲ. ಅದರ ಹಿಂದೆ ಕುಳಿತಿರುವ ತಂತ್ರಾಂಶವು ಹಳೆಯದಾಗಿದ್ದರೆ, ಗುಪ್ತಪದವು ಊರಿಗೆಲ್ಲ ತಿಳಿದದ್ದಾಗಿದ್ದರೆ, ಅಥವಾ ಬಾಗಿಲು ತೆರೆದಿದೆಯೆಂಬುದೇ ಯಜಮಾನನಿಗೆ ತಿಳಿಯದಿದ್ದರೆ ಅನರ್ಥವು ಹುಟ್ಟುತ್ತದೆ.

ಕೆರೆಯ ನೀರುಂಡ ನಮ್ಮ ಸೀಮೆಯವರಿಗೆ ಈ ಮಾತು ಹೊಸದಲ್ಲ. ಸಖರಾಯಪಟ್ಟಣದ ಅಯ್ಯನಕೆರೆಯನ್ನು ಬಲ್ಲವರು ತೂಬೆಂದರೇನೆಂದೂ ಬಲ್ಲರು. ತೂಬಿಲ್ಲದಿದ್ದರೆ ಬೆಳೆಯಿಲ್ಲ; ತೂಬಿಗೆ ಕಾವಲಿಲ್ಲದಿದ್ದರೆ ಕೆರೆಯೇ ಇಲ್ಲ. ಆದುದರಿಂದಲೇ ನಮ್ಮ ಹಿರಿಯರು ನೀರುಗಂಟಿಯನ್ನು ನೇಮಿಸಿದರು. ಯಾವ ತೂಬನ್ನು ಯಾವಾಗ ಎಷ್ಟು ಎತ್ತಬೇಕೆಂಬುದು ಅವನ ಹೊಣೆಯಾಗಿತ್ತು. ಇಂದಿನ ಕಚೇರಿಗಳಿಗೆ ತೂಬುಗಳು ಸಾವಿರಗಟ್ಟಲೆ ಬಂದಿವೆ; ನೀರುಗಂಟಿಯು ಯಾರೆಂದು ಕೇಳಿದರೆ ಉತ್ತರ ಕೊಡಬಲ್ಲ ಕಚೇರಿಗಳು ಎಷ್ಟಿವೆ?

ಅಲಕ್ಷ್ಯದ ಫಲವನ್ನು ಲೋಕವು ಕಂಡಿದೆ. ೨೦೧೭ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಪಿಡುಗು ೪೪೫ನೆಯ ದ್ವಾರದಿಂದ ನುಗ್ಗಿ, ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ನಮ್ಮ ನೆರೆಯ ವಯನಾಡಿನ ಗ್ರಾಮಪಂಚಾಯತಿಯ ಯಂತ್ರಗಳಿಗೂ ಅದು ತಗುಲಿತು. ಆ ದೋಷಕ್ಕೆ ಮದ್ದು ಎರಡು ತಿಂಗಳ ಮೊದಲೇ ದೊರೆತಿತ್ತೆಂಬುದು ಇನ್ನೂ ಶೋಚನೀಯವಾದ ಸಂಗತಿ. ೨೦೧೬ರಲ್ಲಿ ‘ಮಿರಾಯಿ’ ಎಂಬ ಇನ್ನೊಂದು ಪಿಡುಗು ೨೩ನೆಯ ದ್ವಾರವನ್ನು ತಟ್ಟಿ, ಕಾರ್ಖಾನೆಯವರು ಇಟ್ಟ ಸುಮಾರು ೬೦ ಜೋಡಿ ಹೆಸರು-ಗುಪ್ತಪದಗಳನ್ನಷ್ಟೇ ಪರೀಕ್ಷಿಸಿ, ಲಕ್ಷಾಂತರ ಕಾವಲು ಕ್ಯಾಮೆರಾಗಳನ್ನು ತನ್ನ ದಂಡಿಗೆ ಸೇರಿಸಿಕೊಂಡಿತು. ಕಾವಲಿಗೆ ಇಟ್ಟದ್ದೇ ಕಳ್ಳನ ಕೈಯಾಳಾಯಿತು!

“ನಮ್ಮ ಸಣ್ಣ ಕಚೇರಿಯನ್ನು ಯಾರು ಹುಡುಕಿಕೊಂಡು ಬರುವರು?” ಎಂದು ಕೆಲವರು ಹೇಳುವುದುಂಟು. ಹುಡುಕುವವನು ಮನುಷ್ಯನಾಗಿದ್ದರೆ ಈ ಮಾತಿಗೆ ಬೆಲೆಯಿರುತ್ತಿತ್ತು. ೨೦೧೩ರಲ್ಲಿಯೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು, ಜಾಲದ ಹಳೆಯ ಕ್ರಮದ ಸಮಸ್ತ ವಿಳಾಸಗಳಲ್ಲಿ ಒಂದು ದ್ವಾರವನ್ನು ಒಂದೇ ಯಂತ್ರದಿಂದ ೪೫ ನಿಮಿಷಗಳೊಳಗೆ ತಟ್ಟಿ ನೋಡಬಹುದೆಂದು ತೋರಿಸಿಕೊಟ್ಟರು. ಇಂತಹ ಸಾಧನಕ್ಕೆ ಲಂಡನ್ನೂ ಒಂದೇ, ಲಿಂಗದಹಳ್ಳಿಯೂ ಒಂದೇ. ದ್ವಾರಸಂಖ್ಯೆಯನ್ನು ಬದಲಾಯಿಸಿ ಅಡಗಿಕೊಂಡೆವೆಂದು ನಂಬುವವರೂ ಇದೇ ಭ್ರಾಂತಿಯಲ್ಲಿದ್ದಾರೆ.

ನಮ್ಮ ರಾಜ್ಯಕ್ಕೂ ಪಾಠವಾಗಿದೆ. ೨೦೧೯ರಲ್ಲಿ ಸರ್ಕಾರದ ಇ-ಸಂಗ್ರಹಣಾ ಜಾಲತಾಣಕ್ಕೆ ನುಗ್ಗಿದವರು ಗುತ್ತಿಗೆದಾರರ ಠೇವಣಿಯ ೧೧ ಕೋಟಿಗೂ ಹೆಚ್ಚು ರೂಪಾಯಿಗಳನ್ನು ಅಪಹರಿಸಿದರು. ಅದು ತೆರೆದ ದ್ವಾರವೊಂದರ ಫಲವೆಂದು ನಾವು ಹೇಳಹೊರಟಿಲ್ಲ. ಸಾರ್ವಜನಿಕರ ಸೊತ್ತಿನ ಮೇಲೆ ಕಣ್ಣಿಟ್ಟವರು ಇದ್ದಾರೆಂಬುದಕ್ಕೆ ಅದೇ ಸಾಕ್ಷಿ. ಹಣ ಹೋದರೆ ಲೆಕ್ಕ ಸಿಕ್ಕೀತು. ಪಹಣಿಯ ಒಂದು ಅಂಕಣವು ಗುಟ್ಟಾಗಿ ಬದಲಾದರೆ ಬಡ ರೈತನು ಯಾವ ನ್ಯಾಯಾಲಯದ ಮೆಟ್ಟಿಲನ್ನು ಎಷ್ಟು ವರ್ಷ ಹತ್ತಬೇಕು?

ಕಾನೂನಿನ ಕೊರತೆಯಿಲ್ಲ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯಿದೆ; ದಾಳಿ ತಿಳಿದ ಆರು ಗಂಟೆಗಳೊಳಗೆ ವರದಿ ಮಾಡಬೇಕು, ೧೮೦ ದಿನಗಳ ದಾಖಲೆಯನ್ನಿಡಬೇಕು ಎಂದು ಕೇಂದ್ರದ ‘ಸರ್ಟ್-ಇನ್’ ಸಂಸ್ಥೆಯು ೨೦೨೨ರಲ್ಲಿ ವಿಧಿಸಿದೆ. ಕೊರತೆಯಿರುವುದು ದಿನದಿನದ ಕಾವಲಿನಲ್ಲಿ. ಆದುದರಿಂದ ಸರ್ಕಾರದವರಲ್ಲಿ ನಮ್ಮ ಬಿನ್ನಹವಿಷ್ಟು: ಪ್ರತಿಯೊಂದು ಕಚೇರಿಯಲ್ಲಿಯೂ ತೆರೆದ ದ್ವಾರಗಳ ಪಟ್ಟಿಯಿರಲಿ, ಪ್ರತಿಯೊಂದರ ಎದುರಿಗೆ ಅದರ ಕಾರಣವೂ ಹೊಣೆಗಾರನ ಹುದ್ದೆಯೂ ಬರೆದಿರಲಿ, ಕಾರಣವಿಲ್ಲದುದನ್ನು ಮುಚ್ಚಲಿ, ೨೩, ೪೪೫, ೩೩೮೯ ಮುಂತಾದುವು ಹೊರಜಾಲಕ್ಕೆ ನೇರವಾಗಿ ಕಾಣದಿರಲಿ, ಕಾರ್ಖಾನೆಯ ಗುಪ್ತಪದವು ಮೊದಲ ದಿನವೇ ಬದಲಾಗಲಿ, ತಂತ್ರಾಂಶದ ತಿದ್ದುಪಡಿಗಳು ತಡವಿಲ್ಲದೆ ಸೇರಲಿ. ಇದನ್ನೆಲ್ಲ ಗುಮಾಸ್ತರಿಗೂ ಪಂಚಾಯತಿಯವರಿಗೂ ಕನ್ನಡದಲ್ಲಿಯೇ ಕಲಿಸತಕ್ಕದ್ದು. ತಿಳಿಯದ ಭಾಷೆಯ ಸುತ್ತೋಲೆಯು ಕಡತವನ್ನು ಸೇರುತ್ತದೆಯೇ ಹೊರತು ಮನಸ್ಸನ್ನು ಸೇರುವುದಿಲ್ಲ.

ಹೆಬ್ಬೆ ಜಲಪಾತಕ್ಕೆ ಹೋಗುವ ದಾರಿಯಲ್ಲಿ ಅರಣ್ಯ ಇಲಾಖೆಯವರು ತಡೆದು ವಿಚಾರಿಸುವರೆಂದು ಯಾರೂ ಬೇಸರಪಡುವುದಿಲ್ಲ. ಕಾಡು ಎಲ್ಲರ ಸೊತ್ತೆಂದು ಬಲ್ಲರು. ಪ್ರಜೆಗಳ ದಾಖಲೆಯೂ ಪ್ರಜೆಗಳ ಸೊತ್ತು. ಅದನ್ನು ವಹಿಸಿಕೊಂಡವರು ಕೇವಲ ಧರ್ಮದರ್ಶಿಗಳು. ಸ್ವರಾಜ್ಯದ ಕಚೇರಿಯ ಬಾಗಿಲು ಪ್ರಜೆಗೆ ಸದಾ ತೆರೆದಿರಲಿ. ಕಳ್ಳನಿಗೆ ಒಂದು ಗಳಿಗೆಯೂ ತೆರೆದಿರದಿರಲಿ.